ಒಂದು ಜಾಬ್ ಕೈಗೆ ಕೊಟ್ಟು ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಉದ್ಯೋಗ ಮೇಳದ ಫೋಟೊ ಬಂದಿತ್ತು. ಫೈಲ್ ಹಿಡಿದು ನಿಂತ ಹುಡುಗ ಹುಡುಗಿಯರ ಉದ್ದನೆಯ ಸಾಲು. ಅಂಥದ್ದೇ ಒಂದು ಸಾಲಿನಲ್ಲಿ ನಾಲ್ಕು ತಿಂಗಳ ಹಿಂದೆ ನಾನೂ ನಿಂತಿದ್ದೆ. ನನಗೆ 48 ವರ್ಷ. ಹಿಂದೆ ನಿಂತಿದ್ದ ಹುಡುಗ 'ಅಂಕಲ್, ಮಗನಿಗಾ?' ಅಂತ ಕೇಳಿದ. ಹೌದು ಅಂದುಬಿಟ್ಟೆ. ನನಗೆ ಮಗನೇ ಇಲ್ಲ, ಇರುವುದು ಒಬ್ಬಳೇ ಮಗಳು.

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ 22 ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದೆ. ಇನ್‌ಸ್ಪೆಕ್ಟರ್ ಆಗಿ ಸೇರಿದವನು, ಹೊರಗೆ ಬರುವಾಗ ಇನ್‌ಚಾರ್ಜ್. ನಮ್ಮ ಲೈನನ್ನು ಬೇರೆ ರಾಜ್ಯಕ್ಕೆ ಸಾಗಿಸಿದರು. ಮಷಿನ್‌ಗಳು ಲಾರಿ ಹತ್ತಿದವು, ನಾವು ಉಳಿದೆವು. ಲೆಕ್ಕ ಚುಕ್ತಾ ಮಾಡಿದರು, ಗ್ರಾಚ್ಯುಟಿ ಕೊಟ್ಟರು. ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆಮೇಲೆ ನಾನು ಹೋದ ಸಂದರ್ಶನಗಳ ಬಗ್ಗೆ.

ಮೊದಲು ರೆಸ್ಯೂಮೆ. 22 ವರ್ಷ ಅದರ ಅಗತ್ಯವೇ ಬಿದ್ದಿರಲಿಲ್ಲ. ನಾಲ್ಕು ಪುಟ ಬರೆದು ಮಗಳ ಕೈಗೆ ಕೊಟ್ಟೆ. 'ಜವಾಬ್ದಾರಿ ನಿರ್ವಹಿಸಿದೆ ಅಂತ ಹನ್ನೊಂದು ಕಡೆ ಇದೆಯಲ್ಲಪ್ಪ, ನೀನು ಮಾಡಿದ್ದೇನು ಅಂತ ಎಲ್ಲೂ ಇಲ್ಲ' ಅಂದಳು. ಕೂತು ಯೋಚಿಸಿದೆ. ಒಂದು ಭಾಗದ ರಿಜೆಕ್ಷನ್ನನ್ನು ನೂರಕ್ಕೆ ಆರರಿಂದ ಒಂದಕ್ಕೆ ಇಳಿಸಿದ್ದು ನೆನಪಾಯಿತು. ಅದನ್ನು ಮೇಲಕ್ಕೆ ತಂದಳು, ಮಿಕ್ಕಿದ್ದನ್ನು ಕತ್ತರಿಸಿ ಎರಡು ಪುಟ ಮಾಡಿದಳು. ಭಾಗಗಳ ಅಳತೆಯನ್ನು ಸೂಕ್ಷ್ಮವಾಗಿ ತೆಗೆಯುವ ಕೋಆರ್ಡಿನೇಟ್ ಮೆಷರಿಂಗ್ ಮಷಿನ್‌ಗೆ 'ಸಿಎಂಎಂ' ಅಂತ ಮಾತ್ರ ಬರೆದಿದ್ದೆ. 'ಪೂರ್ತಿ ಹೆಸರೂ ಹಾಕು, ಎಷ್ಟೋ ಕಡೆ ಮೊದಲು ಓದೋದು ಸಾಫ್ಟ್‌ವೇರ್, ಅದಕ್ಕೆ ಪದ ಸಿಕ್ಕಿದ್ರೆ ಮಾತ್ರ ಮುಂದಕ್ಕೆ ಕಳಿಸುತ್ತೆ' ಅಂದಳು. ನಿಜವಿರಬೇಕು, ಆ ಮೇಲೆ ಫೋನ್ ಬರತೊಡಗಿದವು.

ಆರು ತಿಂಗಳಲ್ಲಿ 11 ಸಂದರ್ಶನ. ಬಹುತೇಕ ಎಲ್ಲ ಕಡೆ ಮೊದಲ ಪ್ರಶ್ನೆ ಹಳೆಯ ಸಂಬಳ ಎಷ್ಟು ಅನ್ನುವುದು. ಅವರು ಎಷ್ಟು ಕೊಡುತ್ತಾರೆ ಅಂತ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಇದ್ದದ್ದು ಹೇಳಿದರೆ 'ನಿಮ್ಮ ಅನುಭವ ನಮಗೆ ಜಾಸ್ತಿ ಆಯ್ತು ಸರ್' ಅನ್ನುತ್ತಾರೆ, ಸಾರಿಗೆ ಉಪ್ಪು ಜಾಸ್ತಿ ಬಿದ್ದ ಹಾಗೆ. ಕಡಿಮೆಗೂ ಬರ್ತೀನಿ ಅಂದರೆ, ಇವನಲ್ಲಿ ಏನೋ ಐಬಿದೆ ಅಂತ ಮುಖ ನೋಡುತ್ತಾರೆ. ಒಂದು ಕಡೆ ಎಚ್‌ಆರ್ ಹುಡುಗಿ ಇನ್ನು ಐದು ವರ್ಷಕ್ಕೆ ಎಲ್ಲಿರ್ತೀರಿ ಅಂತ ಕೇಳಿದಳು. 'ಐವತ್ಮೂರರಲ್ಲಿ' ಅಂದೆ. ಅವಳು ನಗಲಿಲ್ಲ. ಏಳು ಕಡೆಯವರು ಇವತ್ತಿನವರೆಗೂ ಹೌದು ಅಂದಿಲ್ಲ, ಇಲ್ಲ ಅಂದಿಲ್ಲ.

ನಡುವೆ ಒಬ್ಬ ಕನ್ಸಲ್ಟೆನ್ಸಿಯವನಿಗೆ ನೋಂದಣಿ ಅಂತ 2,500 ರೂಪಾಯಿ ಕೊಟ್ಟು ಕೈ ಸುಟ್ಟುಕೊಂಡೆ. ಅದು ನನ್ನದೇ ದಡ್ಡತನ. ಕೆಲಸ ಕೊಡಿಸ್ತೀನಿ ಅಂತ ದುಡ್ಡು ಕೇಳಿದರೆ ಎದ್ದು ಬರಬೇಕು, ಅಷ್ಟೆ.

45 ದಾಟಿದರೆ ವಯಸ್ಸಾಯಿತು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಹುಟ್ಟಿದ ತಾರೀಖು ಓದಿದ ಕ್ಷಣ ಮಾತಿನ ಧಾಟಿ ಬದಲಾಗುವುದು ಗೊತ್ತಾಗುತ್ತದೆ. ಪಿಎಫ್ ಪಿಂಚಣಿ ಪೂರ್ತಿ ಸಿಗುವುದು 58ಕ್ಕೆ. 50 ಆದ ಮೇಲೆ ಬೇಕಾದರೆ ತೆಗೆದುಕೊಳ್ಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಬಾಕಿಯೋ ಅಷ್ಟಕ್ಕೂ ವರ್ಷಕ್ಕೆ ಶೇ 4ರಂತೆ ಕಡಿತ. ಸರ್ಕಾರದ ಲೆಕ್ಕದಲ್ಲಿ ನಾನು ಇನ್ನೂ ಹತ್ತು ವರ್ಷ ದುಡಿಯಬೇಕಾದವನು. ಸಂದರ್ಶನ ಮಾಡುವವರ ಲೆಕ್ಕದಲ್ಲಿ ಮುಗಿದವನು. ಈ ನಡುವಿನ ವರ್ಷಗಳಲ್ಲಿ ನಾವೇನು ಮಾಡಬೇಕು ಸ್ವಾಮಿ?

ಹನ್ನೊಂದನೆಯದು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಶಾಪ್. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಎಂಟು ಸಿಎನ್‌ಸಿ ಮಷಿನ್. ಓನರ್ ಕೂತ್ಕೊಳ್ಳಿ ಅಂತ ಕೂಡ ಅನ್ನಲಿಲ್ಲ. ಒಂದು ಡ್ರಾಯಿಂಗ್, ಒಂದು ತೆಳ್ಳನೆಯ ಬುಷ್ (ಕೊಳವೆಯಂಥ ಲೋಹದ ತುಂಡು), ತೂತಿನ ಅಗಲ ಅಳೆಯುವ ಬೋರ್ ಗೇಜ್, ತೂತಿಗೆ ತೂರಿಸಿ ನೋಡುವ ಗುಂಡನೆಯ ಪ್ಲಗ್ ಗೇಜ್ ತಂದು ಮುಂದಿಟ್ಟರು. ನಮ್ಮ ಶಾಪ್‌ಗಳಲ್ಲಿ ಜಾಬ್ ಅಂದರೆ ನೌಕರಿಯಲ್ಲ, ಮಷಿನ್‌ಗೆ ಕಟ್ಟುವ ಲೋಹದ ತುಂಡು. 'ಈ ಜಾಬ್ ನೋಡಿ. ಬೋರ್ ಗೇಜ್‌ನಲ್ಲಿ ಸೈಜ್ ಸರಿ ತೋರಿಸುತ್ತೆ. ಪ್ಲಗ್ ಗೇಜ್ ಒಳಗೆ ಹೋಗ್ತಿಲ್ಲ. ಯಾಕೆ?' ಅಂದರು.

ಬುಷ್ ತಿರುಗಿಸಿ ತಿರುಗಿಸಿ ಅಳೆದೆ. ಯಾವ ಕಡೆಯಿಂದ ಅಳೆದರೂ ಅದೇ ರೀಡಿಂಗ್. ಮಷಿನ್ ತೋರಿಸಿ ಅಂದೆ. ಜಾಬನ್ನು ಹಿಡಿದುಕೊಳ್ಳುವ ಚಕ್‌ಗೆ ಮೂರು ಜಾ, ಅಂದರೆ ಮೂರು ದವಡೆ, ಪ್ರೆಶರ್ ವಿಪರೀತ ಏರಿಸಿಟ್ಟಿದ್ದರು. ಆಗ ಗೊತ್ತಾಯಿತು. ತೆಳ್ಳನೆಯ ಬುಷ್ಷನ್ನು ಮೂರು ಕಡೆ ಬಿಗಿಯಾಗಿ ಅದುಮಿ ಒಳಗೆ ಗುಂಡಗೆ ಬೋರ್ ಮಾಡುತ್ತಾರೆ. ಚಕ್ ಬಿಟ್ಟ ಕೂಡಲೇ ಬುಷ್ ಮೊದಲಿನ ಆಕಾರಕ್ಕೆ ಮರಳುತ್ತದೆ, ಒಳಗಿನ ತೂತು ಸ್ವಲ್ಪ ಮೂರು ಮೂಲೆಯಾಗುತ್ತದೆ. ಒಂದು ಕಡೆ ಉಬ್ಬಿದರೆ ಅದರ ಎದುರುಗಡೆ ತಗ್ಗು. ಎರಡೇ ಬಿಂದುವಿನಲ್ಲಿ ಅಳೆಯುವ ಗೇಜ್‌ಗೆ ಎರಡೂ ಸೇರಿ ಸೈಜ್ ಸರಿಯಾಗಿಯೇ ಕಾಣುತ್ತದೆ. ಸುತ್ತಲೂ ಒಟ್ಟಿಗೆ ಮುಟ್ಟುವ ಪ್ಲಗ್ ಗೇಜ್ ಮೋಸ ಹೋಗುವುದಿಲ್ಲ. ಪ್ರೆಶರ್ ಇಳಿಸಿ, ಬುಷ್ಷನ್ನು ಸುತ್ತಲೂ ತಬ್ಬಿ ಹಿಡಿಯುವ ಹಾಗೆ ಸಾಫ್ಟ್ ಜಾ, ಅಂದರೆ ಬೇಕಾದ ಆಕಾರಕ್ಕೆ ಕೊರೆಯಬಹುದಾದ ಮೆದು ಲೋಹದ ದವಡೆ, ಬೋರ್ ಮಾಡಿ ಹಾಕಿಸಿದೆ. ಮುಂದಿನ ಪೀಸ್‌ನಲ್ಲಿ ಪ್ಲಗ್ ಗೇಜ್ ತನ್ನ ತೂಕಕ್ಕೇ ಒಳಗೆ ಇಳಿಯಿತು.

ಒಂದೂವರೆ ಗಂಟೆ ಆಗಿತ್ತು. ಅವರು ವಯಸ್ಸು ಕೇಳಲಿಲ್ಲ. 'ಸೋಮವಾರದಿಂದ ಬನ್ನಿ' ಅಂದರು. ಸಂಬಳ ಹಳೆಯದಕ್ಕಿಂತ 14 ಸಾವಿರ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಮನೆಯಾಕೆ ಹೊಲಿಗೆ ಜಾಸ್ತಿ ಒಪ್ಪಿಕೊಳ್ಳುತ್ತಿದ್ದಾಳೆ.

ಕಂಪನಿ ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಜಾಹೀರಾತಿನಲ್ಲಿ ಸಂಬಳ ಎಷ್ಟು ಅಂತ ಹಾಕಿ. ವಯಸ್ಸಿನ ಮಿತಿ ಮನಸ್ಸಿನಲ್ಲಿದ್ದರೆ ಅದನ್ನೂ ಹಾಕಿ, ಬಸ್ಸಿನ ದುಡ್ಡಾದರೂ ಉಳಿಯುತ್ತದೆ. ಇಪ್ಪತ್ತು ವರ್ಷ ಒಂದೇ ಕೆಲಸ ಮಾಡಿದವನನ್ನು 'ನಿಮ್ಮ ಬಗ್ಗೆ ಹೇಳಿ' ಅಂತ ಕೇಳಿದರೆ ತಡವರಿಸುತ್ತಾನೆ. ಕೈಗೆ ಕೆಲಸ ಕೊಡಿ. ಅಕೌಂಟೆಂಟ್ ಆದರೆ ತಾಳೆಯಾಗದ ಒಂದು ಲೆಡ್ಜರ್ ಕೊಡಿ. ಮೇಳ ನಡೆಸುವವರು ಅನುಭವ ಇರುವವರಿಗೆ ಬೇರೆ ಕೌಂಟರ್ ಇಡಲಿ. ಮಗನಿಗಾ ಅಂತ ಕೇಳಿಸಿಕೊಳ್ಳುವುದಾದರೂ ತಪ್ಪುತ್ತದೆ.

ಬರುವ ಶನಿವಾರ ನಮ್ಮ ಶಾಪ್‌ನಲ್ಲಿ ರಾತ್ರಿ ಪಾಳಿಯ ಇನ್‌ಸ್ಪೆಕ್ಟರ್ ಕೆಲಸಕ್ಕೆ ಮೂವರು ಬರುತ್ತಿದ್ದಾರೆ. ಒಬ್ಬರಿಗೆ 51. ನೋಡುವ ಕೆಲಸ ನನಗೇ ವಹಿಸಿದ್ದಾರೆ. ಆ ಕೆಟ್ಟ ಬುಷ್ಷನ್ನು ಎತ್ತಿಟ್ಟಿದ್ದೇನೆ. ಅವರು ನಿಮ್ಮ ಪತ್ರಿಕೆ ಓದುವವರಾದರೆ ನಾನು ಬೇರೆ ಜಾಬ್ ಹುಡುಕಬೇಕು.

— ಒಬ್ಬ ಕ್ವಾಲಿಟಿ ಇನ್‌ಚಾರ್ಜ್, ದಾಸರಹಳ್ಳಿ, ಬೆಂಗಳೂರು