ಶನಿವಾರದ ಪ್ರತಿಭಟನೆ: ಪೋಷಕರಿಗೆ ಒಂದು ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಪ್ರವೇಶ ಪರೀಕ್ಷೆಗಳಲ್ಲಿ ನಡೆಯುವ ಅಕ್ರಮದ ವಿರುದ್ಧ ಶನಿವಾರ ಕಾಲೇಜಿನ ಆವರಣದಲ್ಲಿ ಪ್ರತಿಭಟನೆ ಮಾಡುತ್ತೇವೆ ಎಂದು ದ್ವಿತೀಯ ಪಿಯುಸಿ ಮಕ್ಕಳು ಮನವಿ ಕೊಟ್ಟಿದ್ದಾರೆ. ನಾನು ಒಪ್ಪಿದ್ದೇನೆ. ವಿಷಯ ಗೊತ್ತಾಗಿ ನಿಮ್ಮಲ್ಲಿ ಕೆಲವರು ಫೋನ್ ಮಾಡಿ, "ಓದೋ ಮಕ್ಕಳಿಗೆ ಇದೆಲ್ಲ ಯಾಕೆ ಸಾರ್?" ಎಂದು ಕೇಳಿದಿರಿ. ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೂ ಯಾಕೆ ಒಪ್ಪಿದೆ ಎಂದು ಹೇಳಬೇಕು.

ಸುಮ್ನೆ ಕೂಗಿದರೆ ಏನಾಗುತ್ತದೆ ಎನ್ನುವವರು 2024ರ ನೀಟ್, ಅಂದರೆ ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ಜೂನ್ 4ರಂದು ಫಲಿತಾಂಶ ಬಂತು. 67 ಮಂದಿಗೆ 720ಕ್ಕೆ 720. ಸಮಯ ಕಳೆದುಕೊಂಡರು ಎಂದು 1563 ಮಂದಿಗೆ ಗ್ರೇಸ್ ಅಂಕ. ಮಕ್ಕಳು ಬೀದಿಗೆ ಬಂದರು, ಕೋರ್ಟಿಗೂ ಹೋದರು. ಗ್ರೇಸ್ ಅಂಕ ರದ್ದಾಯಿತು, ಅಷ್ಟೂ ಮಂದಿಗೆ ಮರುಪರೀಕ್ಷೆಯ ಅವಕಾಶ ಕೊಟ್ಟರು. ಪರೀಕ್ಷೆ ನಡೆಸುವ ರಾಷ್ಟ್ರೀಯ ಸಂಸ್ಥೆ ಎನ್‌ಟಿಎಯ ಮುಖ್ಯಸ್ಥರನ್ನು ಬದಲಾಯಿಸಿದರು. ಕೋರ್ಟ್ ಹೇಳಿದ ಮೇಲೆ ಕೇಂದ್ರವಾರು ಫಲಿತಾಂಶವೂ ಹೊರಬಂತು. ಪರೀಕ್ಷೆ ಮಾತ್ರ ರದ್ದಾಗಲಿಲ್ಲ. ಜಾರ್ಖಂಡಿನ ಹಜಾರಿಬಾಗ್ ಮತ್ತು ಬಿಹಾರದ ಪಟ್ನಾದಲ್ಲಿ ಪ್ರಶ್ನೆಪತ್ರಿಕೆ ಸೋರಿದ್ದು ನಿಜ, ಆದರೆ ಇಡೀ ಪರೀಕ್ಷೆಯೇ ಕೆಟ್ಟಿತು ಎನ್ನಲು ಸಾಕ್ಷ್ಯ ಸಾಲದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2015ರಲ್ಲಿ ಇದೇ ಕೋರ್ಟ್, ನೀಟ್‌ಗೆ ಮೊದಲು ಇದ್ದ ವೈದ್ಯಕೀಯ ಪ್ರವೇಶ ಪರೀಕ್ಷೆ ಎಐಪಿಎಂಟಿಯನ್ನು ಪೂರ್ತಿ ರದ್ದು ಮಾಡಿತ್ತು. ಎರಡು ತೀರ್ಪನ್ನೂ ಓದಿಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳಿದ್ದೇನೆ. ಓದದೆ ಘೋಷಣೆ ಕೂಗುವುದು ನನಗೆ ಇಷ್ಟವಿಲ್ಲ.

ಒಂದು ಫಲಕವನ್ನು ಬೇಡ ಎಂದೆ. "720 ತೆಗೆದವರೆಲ್ಲ ಕಳ್ಳರು" ಎಂದು ಬರೆದಿದ್ದರು. ಆ 67 ಮಂದಿಯಲ್ಲಿ ಬಹಳ ಮಂದಿಗೆ ಪೂರ್ತಿ ಅಂಕ ಬಂದದ್ದು ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರ ಸರಿ ಎಂದು ಒಪ್ಪಿಕೊಂಡಿದ್ದರಿಂದ. ಒಂದೇ ಉತ್ತರ ಸರಿ ಎಂದಾದ ಮೇಲೆ ಪಟ್ಟಿಯಲ್ಲಿ 17 ಮಂದಿ ಉಳಿದರು. ಓದಿ ಬರೆದವರ ಮೇಲೆ ಕಳ್ಳತನ ಹೊರಿಸುವುದು ಯಾವ ನ್ಯಾಯ?

ಮಕ್ಕಳ ಮನವಿಯಲ್ಲಿ ಹೊಣೆ ಹೊರಬೇಕಾದವರ ಜಾಗದಲ್ಲಿ ಒಂದೇ ಹೆಸರಿತ್ತು: ಎನ್‌ಟಿಎ. ಅದು ಸಾಲದು ಎಂದೆ. ಹಜಾರಿಬಾಗ್‌ನಲ್ಲಿ ಏನಾಯಿತು ನೋಡಿ. ಸಿಬಿಐ ಪ್ರಕಾರ, ಪರೀಕ್ಷೆಯ ದಿನ ಬೆಳಿಗ್ಗೆ ಒಂದು ಶಾಲೆಯಲ್ಲಿ ಇಟ್ಟಿದ್ದ ಪ್ರಶ್ನೆಪತ್ರಿಕೆಯ ಟ್ರಂಕನ್ನು ಒಬ್ಬ ಬಿಚ್ಚಿ, ಪುಟಗಳ ಫೋಟೊ ತೆಗೆದ. ಅವನನ್ನು ಆ ಕೋಣೆಯೊಳಗೆ ಬಿಟ್ಟ ಆರೋಪದ ಮೇಲೆ ಬಂಧನವಾದವರು ಆ ಶಾಲೆಯ ಪ್ರಾಂಶುಪಾಲರು ಮತ್ತು ಉಪಪ್ರಾಂಶುಪಾಲರು. ಅಂದರೆ ನನ್ನ ಹಾಗೆ ಕುರ್ಚಿಯಲ್ಲಿ ಕೂತವರು. ಉತ್ತರ ಬಿಡಿಸಿಕೊಟ್ಟರು ಎಂದು ಸಿಕ್ಕಿಬಿದ್ದವರು ಎಂಬಿಬಿಎಸ್ ವಿದ್ಯಾರ್ಥಿಗಳು. ಇದನ್ನು ಓದಿದಾಗ ನನಗೆ ಜಾಸ್ತಿ ಬೇಜಾರಾಯಿತು. ಪಟ್ನಾದಲ್ಲಿ ಪೊಲೀಸರು ಹಿಡಿದವರಲ್ಲಿ ಅಭ್ಯರ್ಥಿಗಳ ಪೋಷಕರೂ ಇದ್ದರು.

ಈ ಕೊನೆಯ ಮಾತು ನಿಮಗೆ ಕಹಿ ಎನಿಸಬಹುದು. ಆದರೆ ಹದಿನೇಳು ವರ್ಷದ ಹುಡುಗನ ಹತ್ತಿರ ಲಕ್ಷಗಟ್ಟಲೆ ಹಣ ಎಲ್ಲಿಂದ ಬರಬೇಕು? ಕೊಳ್ಳುವವರು ಇಲ್ಲದಿದ್ದರೆ ಆ ಟ್ರಂಕಿಗೆ ಯಾರು ಕೈ ಹಾಕುತ್ತಿದ್ದರು? ಸಾರ್ವಜನಿಕ ಪರೀಕ್ಷೆಗಳ ಅಕ್ರಮ ತಡೆಗೆ ಕೇಂದ್ರದ ಹೊಸ ಕಾನೂನು 2024ರ ಜೂನ್ 21ರಿಂದ ಜಾರಿಯಲ್ಲಿದೆ. ಸಾಮಾನ್ಯ ಅಕ್ರಮಕ್ಕೆ 3ರಿಂದ 5 ವರ್ಷ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಗುಂಪು ಕಟ್ಟಿಕೊಂಡು ಮಾಡಿದರೆ 5ರಿಂದ 10 ವರ್ಷ, ದಂಡ 1 ಕೋಟಿಗೆ ಕಡಿಮೆ ಇಲ್ಲ. ಪರೀಕ್ಷೆ ಬರೆಯುವವರನ್ನು ಈ ಕಾನೂನಿನ ಶಿಕ್ಷೆಯಿಂದ ಹೊರಗಿಟ್ಟಿದ್ದಾರೆ, ಅವರಿಗೆ ಪರೀಕ್ಷಾ ನಿಯಮಗಳೇ ಅನ್ವಯ. ಅಪ್ಪ-ಅಮ್ಮ ಅಭ್ಯರ್ಥಿಗಳಲ್ಲ, ಅಲ್ವಾ?

ಹಾಗಾಗಿ ಮನವಿಗೆ ಮಕ್ಕಳು ಇನ್ನೊಂದು ಬೇಡಿಕೆ ಸೇರಿಸಿದ್ದಾರೆ, ಅದು ನನಗೆ. ಕಾಲೇಜು ಪರೀಕ್ಷಾ ಕೇಂದ್ರವಾದಾಗ ಪ್ರಶ್ನೆಪತ್ರಿಕೆ ಇಡುವ ಕೋಣೆಗೆ ಯಾರು ಹೋದರು, ಎಷ್ಟು ಹೊತ್ತಿಗೆ ಹೋದರು ಎಂದು ಪುಸ್ತಕದಲ್ಲಿ ಬರೆದಿಡಬೇಕು, ನನ್ನ ಫೋನ್ ಕೂಡ ಹೊರಗೇ ಇರಬೇಕು. ಒಪ್ಪಿಕೊಂಡಿದ್ದೇನೆ.

ಇನ್ನು ಶನಿವಾರದ ವಿಷಯ. ಬೆಳಿಗ್ಗೆಯ ತರಗತಿಗಳು ಎಂದಿನಂತೆ ನಡೆಯುತ್ತವೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಮಕ್ಕಳು ಆವರಣದಲ್ಲೇ ಕೂರುತ್ತಾರೆ, ರಸ್ತೆಗೆ ಹೋಗುವುದಿಲ್ಲ. ಉಪನ್ಯಾಸಕರು ಜೊತೆಗಿರುತ್ತಾರೆ. ಸೇರಲೇಬೇಕೆಂದು ಯಾರಿಗೂ ಒತ್ತಾಯವಿಲ್ಲ. ಸೇರಿದವರ ಹಾಜರಾತಿಗೂ ಆಂತರಿಕ ಅಂಕಕ್ಕೂ ತೊಂದರೆ ಆಗುವುದಿಲ್ಲ. ನಿಮ್ಮ ಮಗ ಅಥವಾ ಮಗಳು ಸೇರುವುದು ಬೇಡ ಎಂದಾದರೆ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ, ಅವರು ಗ್ರಂಥಾಲಯದಲ್ಲಿ ಓದಿಕೊಳ್ಳಬಹುದು.

"ಪತ್ರಿಕೆ ಸಿಗುತ್ತೆ, ಸೀಟು ಗ್ಯಾರಂಟಿ" ಎಂದು ಹೇಳುವ ಫೋನ್ ಅಥವಾ ವಾಟ್ಸಾಪ್ ಸಂದೇಶ ಬಂದರೆ ಎಷ್ಟು ಹಣ ಎಂದೂ ಕೇಳಬೇಡಿ. ಸಂದೇಶವನ್ನು ಅಳಿಸದೆ, ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ನನ್ನ ಕಚೇರಿಗೆ ತನ್ನಿ. ನಿಮ್ಮ ಹೆಸರು ಮುಂದೆ ಮಾಡುವುದು ಬೇಡವೆಂದರೆ ಪೊಲೀಸರಿಗೆ ಕಾಲೇಜಿನಿಂದಲೇ ದೂರು ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಪ್ರಾಂಶುಪಾಲರು