ಹೊಸ ಗಿಟಾರ್: ಪಿಕಪ್ ಬಿಚ್ಚುವ ಮೊದಲು

ಮಾನ್ಯರೇ,

ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವವರಿಗೆಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಮನೆಗೆ ತಂದ ಕೂಡಲೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಬದಲಿಸಿ, ಬಿರಡೆ ಬದಲಿಸಿ, ಒಳಗಿನ ವೈರಿಂಗ್ ಕಿತ್ತು ಹೊಸದು ಹಾಕಿ ಎಂಬುದು ಅದರ ಸಾರಾಂಶ. ಲೇಖಕರ ಲೆಕ್ಕದಲ್ಲಿ ಹೋದರೆ ಗಿಟಾರ್‌ಗಿಂತ ಅದರ ರಿಪೇರಿಗೇ ಹೆಚ್ಚು ಹಣ ಬೇಕು. ಇದಕ್ಕೆ ನನ್ನ ತಕರಾರು ಇದೆ.

ಸಾಗರದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವನು ನಾನು. ರೇಡಿಯೊ ಹೋಯಿತು, ಟೇಪ್ ರೆಕಾರ್ಡರ್ ಹೋಯಿತು. ಈಗ ಬರುವುದು ಮಿಕ್ಸರ್, ಇನ್ವರ್ಟರ್ ಮತ್ತು ಆರ್ಕೆಸ್ಟ್ರಾದವರ ಆಂಪ್ಲಿಫೈಯರ್. ರಿಪೇರಿಯ ಹಣ ಕೊಡಲಾಗದ ಒಬ್ಬ ಆರ್ಕೆಸ್ಟ್ರಾ ಕಲಾವಿದರು ಹಿಂದೆ ಅದರ ಬದಲಿಗೆ ನನಗೆ ಗಿಟಾರ್ ಕಲಿಸಿದರು. ಹಾಗಾಗಿ ಬೆಸುಗೆ ಹಾಕುವುದೂ ಗೊತ್ತು, ನಾಲ್ಕು ಹಳೆಯ ಸಿನಿಮಾ ಹಾಡು ಬಾರಿಸುವುದೂ ಗೊತ್ತು. ಈ ಬೇಸಿಗೆಯಲ್ಲಿ ಮಕ್ಕಳು ಬೇಡವೆಂದರೂ ಕೇಳದೆ ಸ್ವಂತಕ್ಕೊಂದು ಎಲೆಕ್ಟ್ರಿಕ್ ಗಿಟಾರ್ ತರಿಸಿದೆ. ಸ್ಟ್ರಾಟೊಕ್ಯಾಸ್ಟರ್ ಮಾದರಿಯದು, ಇಪ್ಪತ್ತು ಸಾವಿರದ ಒಳಗಿನದು. ಕಂಪನಿಯ ಹೆಸರು ಬೇಡ. ಈ ದರದಲ್ಲಿ ಎಲ್ಲರ ಮಾಲೂ ಹೆಚ್ಚು ಕಡಿಮೆ ಒಂದೇ.

ಈ ಮಾದರಿಯ ಮೇಲೆ ನನಗೆ ವೃತ್ತಿಬಾಂಧವನ ಅಭಿಮಾನವೂ ಇದೆ ಎನ್ನಿ. 1954ರಲ್ಲಿ ಇದನ್ನು ಮಾರುಕಟ್ಟೆಗೆ ತಂದ ಲಿಯೊ ಫೆಂಡರ್ ಅದಕ್ಕೆ ಮೊದಲು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದವರು. ಅವರಿಗೆ ಗಿಟಾರ್ ಬಾರಿಸಲು ಬರುತ್ತಿರಲಿಲ್ಲ. ಆದರೆ ರಿಪೇರಿ ಮಾಡುವವನ ಕಷ್ಟ ಬಲ್ಲವರು. ನೆಕ್ಕನ್ನು, ಅಂದರೆ ಎಡಗೈ ಓಡಾಡುವ ಉದ್ದನೆಯ ಕತ್ತನ್ನು, ಅಂಟಿಸದೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದರು. ವಿದ್ಯುತ್ ಭಾಗಗಳಲ್ಲಿ ಹೆಚ್ಚಿನವನ್ನು ಒಂದೇ ಪ್ಲಾಸ್ಟಿಕ್ ಹಲಗೆಗೆ ಜೋಡಿಸಿದರು. ಅದನ್ನು ಬಿಚ್ಚಿ ಮಗುಚಿದರೆ ಮೂರು ಪಿಕಪ್, ಒಂದು ಸ್ವಿಚ್, ಮೂರು ಕಂಟ್ರೋಲ್, ಒಂದು ಕಂಡೆನ್ಸರ್ (ಕೆಪಾಸಿಟರ್) ಎದುರಿಗೇ ಸಿಗುತ್ತವೆ. ಎರಡು ಬ್ಯಾಂಡಿನ ರೇಡಿಯೊ ಬಿಚ್ಚಿದವರಿಗೆ ಇದರಲ್ಲಿ ಹೆದರುವಂಥದ್ದೇನೂ ಇಲ್ಲ.

ಪೆಟ್ಟಿಗೆ ತೆರೆದಾಗ ಬಣ್ಣ ಕಣ್ಣಿಗೆ ಬಿತ್ತು, ಹೊಳಪು ಚೆನ್ನಾಗಿತ್ತು. ಎಡಗೈಯನ್ನು ನೆಕ್ಕಿನ ಅಂಚಿನಲ್ಲಿ ಮೇಲಿನಿಂದ ಕೆಳಗೆ ಜಾರಿಸಿದೆ. ಫ್ರೆಟ್ಟಿನ, ಅಂದರೆ ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟಿಲುಗಳ, ತುದಿಗಳು ಗರಗಸದ ಹಲ್ಲಿನ ಹಾಗೆ ಚರ್ಮಕ್ಕೆ ಸಿಕ್ಕಿದವು. ಫ್ರೆಟ್ ಕೂರಿಸಿದ ಹಲಗೆಯ, ಅಂದರೆ ಫ್ರೆಟ್‌ಬೋರ್ಡಿನ, ಮರ ಒಣಗಿದಾಗ ಅಡ್ಡಕ್ಕೆ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಕುಗ್ಗಿದಷ್ಟೂ ತುದಿ ಹೊರಗೆ ಇಣುಕುತ್ತದೆ. ತೇವದ ಊರಿನಲ್ಲಿ ತಯಾರಾಗಿ, ಬೇಸಿಗೆಯ ಗೋದಾಮಿನಲ್ಲಿ ಬಿದ್ದಿದ್ದು ಬಂದ ಮಾಲಿಗೆ ಇದು ಸಹಜ. ಪಿಕಪ್ ಬದಲಿಸಿದರೆ ಇದು ಹೋಗುವುದಿಲ್ಲ. ಮರದ ಮೇಲೆ ಕಾಗದದ ಟೇಪ್ ಹಚ್ಚಿ, ನಯವಾದ ಚಪ್ಪಟೆ ಅರದಿಂದ ಒಂದೊಂದೇ ತುದಿಯನ್ನು ಓರೆಯಾಗಿ ಉಜ್ಜಬೇಕು. ಒಂದು ಸಂಜೆಯ ಕೆಲಸ, ಖರ್ಚು ಟೇಪಿನದು ಮಾತ್ರ.

ಆ ಫ್ರೆಟ್‌ಬೋರ್ಡ್ ಯಾವ ಮರದ್ದೆಂದು ನೋಡಿದೆ. ವಿವರಪಟ್ಟಿಯಲ್ಲಿ ‘ಇಂಡಿಯನ್ ಲಾರೆಲ್’ ಎಂದಿತ್ತು. ನಮ್ಮ ಕಡೆಯ ಕಾಡುಗಳಲ್ಲಿ ಬೇಕಾದಷ್ಟಿರುವ ಮತ್ತಿ ಮರ ಅದು. ಹಿಂದೆ ಈ ಜಾಗದಲ್ಲಿ ಬೀಟೆ ಇರುತ್ತಿತ್ತು. ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರ ಜನವರಿಯಿಂದ ಪರವಾನಗಿಯ ಕಟ್ಟುಪಾಡು ಬಂತು. ಸಿದ್ಧ ಸಂಗೀತ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಹಲವು ಕಂಪನಿಗಳು ಬೇರೆ ಮರಗಳನ್ನು ಹಿಡಿದಿದ್ದವು. ಮತ್ತಿ ಎಂದರೆ ಕೀಳು ಎಂದು ಮೂಗು ಮುರಿಯುವವರಿದ್ದಾರೆ. ಗಟ್ಟಿ ಮರ, ಎಳೆ ಚೆನ್ನಾಗಿದೆ, ಬೆರಳಿಗೆ ಸ್ವಲ್ಪ ಒಣಗಿದಂತೆ ತಗಲುತ್ತದೆ ಅಷ್ಟೆ. ಒಂದೆರಡು ಹನಿ ಎಣ್ಣೆ ಉಜ್ಜಿ ಬಟ್ಟೆಯಿಂದ ಒರೆಸಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಮಳೆಗಾಲ ಮುಗಿಯುವುದರೊಳಗೆ ಕಮಟು ವಾಸನೆ ಹಿಡಿಯುತ್ತದೆ.

ಇನ್ನು ಶ್ರುತಿಯ ವಿಷಯ. ಬಿಡಿ ತಂತಿಗಳನ್ನು ಮೀಟಿದರೆ ಶ್ರುತಿ ಸರಿಯಾಗಿತ್ತು. ಮೊದಲ ಫ್ರೆಟ್ಟಿನಲ್ಲಿ ಒತ್ತಿದ ಸ್ವರ ಏರಿ ನಿಲ್ಲುತ್ತಿತ್ತು. ಇಂಥ ಗಿಟಾರ್ ಕೊಂಡ ಹುಡುಗರು ತಮ್ಮ ಬೆರಳನ್ನೇ ಬೈದುಕೊಂಡು ಮೂರು ತಿಂಗಳಿಗೆ ಅದನ್ನು ಅಟ್ಟಕ್ಕೆ ಹಾಕುತ್ತಾರೆ. ತಪ್ಪು ಬೆರಳಿನದಲ್ಲ, ನಟ್ಟಿನದು. ನೆಕ್ಕಿನ ತಲೆಯ ಬಳಿ ತಂತಿಗಳು ಹಾದು ಬರುವ ಬಿಳಿ ಪಟ್ಟಿಯೇ ನಟ್. ಕಾರ್ಖಾನೆಯವರು ಅದರ ಸೀಳುಗಳನ್ನು ಎಷ್ಟು ಬೇಕೋ ಅಷ್ಟು ಆಳಕ್ಕೆ ಕೊರೆಯುವುದಿಲ್ಲ. ಹೆಚ್ಚು ಆಳವಾದರೆ ಮಾಲು ವಾಪಸು ಬರುತ್ತದೆ, ಕಡಿಮೆಯಾದರೆ ಗಿರಾಕಿ ಸುಮ್ಮನಿರುತ್ತಾನೆ. ಪರೀಕ್ಷೆ ಸುಲಭ. ಎರಡನೆಯ ಮತ್ತು ಮೂರನೆಯ ಫ್ರೆಟ್ಟಿನ ನಡುವೆ ತಂತಿಯನ್ನು ಒತ್ತಿ, ಮೊದಲ ಫ್ರೆಟ್ಟಿನ ತಲೆಗೂ ತಂತಿಗೂ ನಡುವಿನ ಸಂದನ್ನು ನೋಡಿ. ತೆಳು ಕಾಗದದಷ್ಟು ಸಂದು ಇರಬೇಕು. ನನ್ನದರಲ್ಲಿ ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರಿತು.

ಇದಕ್ಕೆ ಬೇಕಾದ ಸಣ್ಣ ಅರಗಳು ನನ್ನಲ್ಲಿಲ್ಲ. ನಮ್ಮೂರಿನ ಗುಡಿಗಾರರಲ್ಲಿವೆ. ಗಂಧದ ಮರದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಹೂವಿನ ಎಸಳು ಬಿಡಿಸುವ ಕೈಗೆ ಆರು ಸೀಳು ಯಾವ ಲೆಕ್ಕ? ಪರಿಚಯದ ಗುಡಿಗಾರರೊಬ್ಬರ ಬಳಿ ಒಯ್ದೆ. ಅವರು ತಂತಿಯನ್ನು ಪಕ್ಕಕ್ಕೆ ಸರಿಸಿ ಎರಡೇ ಎಳೆತ ಅರ ಆಡಿಸುವುದು, ತಂತಿ ಕೂರಿಸಿ ಒತ್ತಿ ನೋಡುವುದು, ಮತ್ತೆ ಸರಿಸುವುದು, ಹೀಗೆ ಮಾಡುತ್ತಾ ಹೋದರು. ಸೀಳು ಬಿರಡೆಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ಇಲ್ಲದಿದ್ದರೆ ತಂತಿ ಜೀರೆನ್ನುತ್ತದೆ ಎಂದು ನಾನು ಹೇಳುವ ಮೊದಲೇ ಅವರ ಅರ ಆ ಕಡೆಗೆ ವಾಲಿತ್ತು. ಹಣ ತೆಗೆದುಕೊಳ್ಳಲಿಲ್ಲ. ಬದಲಿಗೆ, ಇಷ್ಟು ದುಡ್ಡು ಕೊಟ್ಟ ಮೇಲೆ ಇದನ್ನು ಅಂಗಡಿಯವರೇ ಮಾಡಿ ಕೊಡಬೇಕಲ್ಲವೇ ಎಂದು ಕೇಳಿದರು.

ಆ ಪ್ರಶ್ನೆಯನ್ನು ನಿಮ್ಮ ಪತ್ರಿಕೆಯ ಮೂಲಕ ವಾದ್ಯದ ಅಂಗಡಿಗಳ ಮುಂದಿಡುತ್ತೇನೆ. ವೀಣೆಯನ್ನು ಯಾರೂ ಮೇಳ ಕಟ್ಟಿಸದೆ ಮನೆಗೆ ಒಯ್ಯುವುದಿಲ್ಲ. ಇಪ್ಪತ್ತನಾಲ್ಕು ಮೆಟ್ಟಿಲನ್ನೂ ಬಲ್ಲವರು ಕಿವಿಗೊಟ್ಟು ಮೇಣದಲ್ಲಿ ಕೂರಿಸಿದ ಮೇಲೆಯೇ ಅದು ವೀಣೆ. ವರ್ಷಗಳು ಕಳೆದ ಮೇಲೆ ಮತ್ತೆ ಕಟ್ಟಿಸುತ್ತಾರೆ, ಅದಕ್ಕೆ ಸಂಭಾವನೆ ಕೊಡುತ್ತಾರೆ, ಯಾರೂ ಗೊಣಗುವುದಿಲ್ಲ. ಗಿಟಾರ್ ಮಾತ್ರ ಟಿ.ವಿ. ಹಾಗೆ ಪೆಟ್ಟಿಗೆಯಿಂದ ತೆಗೆದು ಪ್ಲಗ್ ಹಾಕಿದರೆ ಸಾಕು ಎಂದು ಯಾರು ಹೇಳಿದರು?

ನೆಕ್ಕಿನ ಬಾಗನ್ನು ಅಳೆಯಲು ಪಕ್ಕದ ಬೈಕ್ ಗ್ಯಾರೇಜಿನಿಂದ ಟ್ಯಾಪೆಟ್ ನೋಡುವ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳನ್ನು, ತಂದೆ. ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದಾಗ ಏಳನೆಯ ಫ್ರೆಟ್ಟಿನ ಹತ್ತಿರ ಕಾಲು ಮಿಲಿಮೀಟರ್ ಆಸುಪಾಸು ಸಂದಿದ್ದರೆ ಸರಿ. ಹೆಚ್ಚಿದ್ದರೆ ನೆಕ್ಕಿನೊಳಗಿನ ಉಕ್ಕಿನ ಸರಳನ್ನು ಅಲೆನ್ ಕೀಯಿಂದ ಕಾಲು ಸುತ್ತು ಬಿಗಿ ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಬೇಕು. ಬಲ ಹಾಕುವವರು ಇದಕ್ಕೆ ಕೈ ಹಾಕದಿರುವುದು ಲೇಸು. ಆಮೇಲೆ ತಂತಿಗಳ ಕೆಳತುದಿಯನ್ನು ಹೊರುವ ಬ್ರಿಡ್ಜಿನಲ್ಲಿ ತಂತಿಯ ಎತ್ತರ ಇಳಿಸಿದೆ, ಹನ್ನೆರಡನೆಯ ಫ್ರೆಟ್ಟಿನ ಸ್ವರ ಬಿಡಿ ತಂತಿಯ ಮೇಲಿನ ಷಡ್ಜಕ್ಕೆ ಕೂಡುವಂತೆ ಒಂದೊಂದು ತಂತಿಯ ಉದ್ದವನ್ನೂ ಸರಿಪಡಿಸಿದೆ. ಇಷ್ಟಾದ ಮೇಲೆ ಬಾರಿಸಿದರೆ ಅದು ಬೇರೆಯದೇ ವಾದ್ಯ. ಒಂದು ಬಿಡಿಭಾಗವನ್ನೂ ಬದಲಿಸಿರಲಿಲ್ಲ.

ಹಾಗೆಂದು ಮಾರ್ಪಾಡೇ ಬೇಡ ಎನ್ನುವ ಮಡಿವಂತ ನಾನಲ್ಲ. ಈ ಮಾದರಿಯ ಗಿಟಾರ್‌ನಲ್ಲಿ ಪಿಕಪ್ ಆರಿಸುವ ಸ್ವಿಚ್‌ಗೆ ಮೊದಲು ಮೂರೇ ಸ್ಥಾನವಿತ್ತು. ಬಾರಿಸುವವರು ಅದನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ಎರಡು ಪಿಕಪ್ಪಿನ ಕೂಡುನಾದ ತೆಗೆಯುತ್ತಿದ್ದರು. ಕೊನೆಗೆ 1977ರಲ್ಲಿ ಕಾರ್ಖಾನೆಯೇ ಐದು ಸ್ಥಾನದ ಸ್ವಿಚ್ ಹಾಕಿತು. ನಮ್ಮ ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರನ್ನು ನೋಡಿ. ಜೋಡಿ ತಂತಿಯ ಮ್ಯಾಂಡೊಲಿನ್ನಿನಲ್ಲಿ ಗಮಕ ಒಗ್ಗುವುದಿಲ್ಲವೆಂದು ಐದು ಒಂಟಿ ತಂತಿಯ ಎಲೆಕ್ಟ್ರಿಕ್ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಕೈಗೆ ಏನು ಬೇಕೆಂದು ಗೊತ್ತಾದ ಮೇಲೆ ಅವರ ಉಪಕರಣ ಬದಲಾಯಿತು. ಪುರವಣಿಯ ಲೇಖಕರು ಕೈ ಇನ್ನೂ ಏನನ್ನೂ ಕೇಳದಿರುವಾಗಲೇ ಪಟ್ಟಿ ಕೊಟ್ಟುಬಿಟ್ಟಿದ್ದಾರೆ.

ನನ್ನ ಕೈ ಕೇಳಿದ ಮೊದಲನೆಯದು ಗಮಕಕ್ಕೇ ಸಂಬಂಧಿಸಿದ್ದು. ಈ ಮಾದರಿಯ ಬ್ರಿಡ್ಜ್ ಹಿಂದಿನ ಸ್ಪ್ರಿಂಗುಗಳ ಬಲದ ಮೇಲೆ ತೇಲುತ್ತಿರುತ್ತದೆ. ಒಂದು ತಂತಿಯನ್ನು ಎಳೆದರೆ ಬ್ರಿಡ್ಜ್ ಮುಂದಕ್ಕೆ ಬಾಗಿ ಉಳಿದ ಐದೂ ಇಳಿಯುತ್ತವೆ. ಹಳೆಯ ಹಾಡುಗಳ ಜಾರು, ಒಲೆತ ತೆಗೆಯಲು ಹೋದರೆ ಪಕ್ಕದಲ್ಲಿ ನಾದ ಕೊಡುತ್ತಿರುವ ತಂತಿ ಅಪಸ್ವರವಾಗುತ್ತದೆ. ಗುಡಿಗಾರರ ಮನೆಯಲ್ಲಿ ಬಿದ್ದಿದ್ದ ಬೀಟೆಯ ಚೂರೊಂದನ್ನು ಅಳತೆಗೆ ಉಜ್ಜಿ, ಹಿಂಬದಿಯ ಗುಂಡಿಯಲ್ಲಿ ಬ್ರಿಡ್ಜಿನ ಲೋಹದ ಗಟ್ಟಿಗೂ ಮರಕ್ಕೂ ನಡುವೆ ಬಿಗಿಯಾಗಿ ಕೂರಿಸಿದ್ದೇನೆ. ಬ್ರಿಡ್ಜ್ ಅಲುಗುವುದಿಲ್ಲ. ಬೇಡವೆನಿಸಿದ ದಿನ ತೆಗೆದುಬಿಡಬಹುದು. ಫ್ರೆಟ್‌ಬೋರ್ಡಿನಿಂದ ಹೊರಬಿದ್ದ ಬೀಟೆಗೆ ಹಿಂಬಾಗಿಲಿನಿಂದ ಪ್ರವೇಶ ಸಿಕ್ಕಿತು.

ಎರಡನೆಯದು, ವಾಲ್ಯೂಮ್ ಇಳಿಸಿದಾಗ ಸ್ವರದ ಚುರುಕೂ ಇಳಿಯುವುದು. 250 ಕಿಲೋಓಮಿನ ಕಂಟ್ರೋಲಿನ ಒಳ ಬರುವ ಮತ್ತು ಹೊರ ಹೋಗುವ ಕಾಲುಗಳ ನಡುವೆ ಒಂದು ಸಾವಿರ ಪಿಕೋಫ್ಯಾರಡ್‌ನ ಕಂಡೆನ್ಸರ್, ಜೊತೆಗೊಂದು ರೆಸಿಸ್ಟರ್ ಬೆಸೆದರೆ ಮುಗಿಯಿತು. ನನ್ನ ಹಳೆಯ ಡಬ್ಬಿಗಳಲ್ಲಿ ಇವು ಹೇರಳವಾಗಿವೆ. ಗಿಟಾರ್‌ಗೆಂದೇ ಎಣ್ಣೆಕಾಗದದ ಕಂಡೆನ್ಸರುಗಳನ್ನು ನೂರಾರು ರೂಪಾಯಿಗೆ ಮಾರುತ್ತಾರಂತೆ. ಅಂಥವು ಸೋರಿಕೆಯಾಗುತ್ತವೆಂದು ನಾನು ರೇಡಿಯೊಗಳಿಂದ ಜೀವಮಾನವಿಡೀ ಕಿತ್ತು ಎಸೆದವನು. ಕಿವಿಗೆ ಕೇಳುವುದು ಅದರ ಮೌಲ್ಯವೇ ಹೊರತು ಮೇಲಿನ ಹೊದಿಕೆಯಲ್ಲ.

ಒಳಗೆ ತಾಮ್ರದ ಪಟ್ಟಿ ಹಚ್ಚಿದರೆ ಗುಂಯ್ ಸದ್ದು ಹೋಗುತ್ತದೆ ಎಂದು ಲೇಖನದಲ್ಲಿ ಇರುವುದು ಅರ್ಧ ಸತ್ಯ. ಒಂಟಿ ಸುರುಳಿಯ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುಮಾರು ಎಂಟು ಸಾವಿರ ಸುತ್ತಿನ ಕೂದಲೆಳೆ ತಂತಿ. ಗಿಟಾರ್ ತಂತಿಯ ಕಂಪನದ ಜೊತೆಗೆ ಮನೆಯ 50 ಹರ್ಟ್ಸ್ ಕರೆಂಟಿನ ಗದ್ದಲವನ್ನೂ ಅದು ಹಿಡಿಯುತ್ತದೆ. ಮಲೆನಾಡಿನಲ್ಲಿ ಕರೆಂಟ್ ಹೋಗಿ ಹಳೆಯ ಇನ್ವರ್ಟರ್ ಶುರುವಾದರಂತೂ ಕೇಳುವುದೇ ಬೇಡ. ಒಳಗಿನ ಗುಂಡಿಗಳಿಗೆ ತಾಮ್ರದ ಅಂಟುಪಟ್ಟಿ ಹಚ್ಚಿ ಅರ್ಥ್ ಕೊಟ್ಟರೆ ಝುಯ್ ಎನ್ನುವ ಚೂಪು ಸದ್ದು ತಗ್ಗುತ್ತದೆ, ರೇಡಿಯೊದ ಐ.ಎಫ್. (ಮಧ್ಯಂತರ ಆವರ್ತನದ) ಸುರುಳಿಗಳನ್ನು ಅಲ್ಯುಮಿನಿಯಂ ಡಬ್ಬಿಯಲ್ಲಿಡುತ್ತಿದ್ದುದು ಇದೇ ತತ್ತ್ವದಿಂದ. ಟ್ರಾನ್ಸ್‌ಫಾರ್ಮರಿನಿಂದ ಬರುವ ದಪ್ಪ ಗುಂಯ್ಗುಟ್ಟುವಿಕೆಗೆ ತಾಮ್ರ ಅಡ್ಡವಲ್ಲ. ಅದಕ್ಕೆ ಹಂಬಕರ್ ಎಂಬ ಎರಡು ಸುರುಳಿಯ ಪಿಕಪ್ ಬೇಕು, ಇಲ್ಲವೇ ಕುರ್ಚಿಯನ್ನು ಆಂಪ್ಲಿಫೈಯರಿನಿಂದ ದೂರ ಎಳೆದು ಕೂರಬೇಕು. ನಾನು ಕುರ್ಚಿ ಎಳೆದಿದ್ದೇನೆ. ಪಿಕಪ್ಪುಗಳನ್ನೂ ಸ್ಕ್ರೂ ತಿರುಗಿಸಿ ತುಸು ಕೆಳಗಿಳಿಸಿದ್ದೇನೆ. ಒರಟುತನ ಅಷ್ಟಕ್ಕೇ ಹೋಯಿತು.

ಲೇಖಕರು ಮುಟ್ಟದೇ ಬಿಟ್ಟಿರುವ ಒಂದು ವಿಷಯವನ್ನು ಮಾತ್ರ ದಯವಿಟ್ಟು ದಪ್ಪ ಅಕ್ಷರದಲ್ಲಿ ಹಾಕಿ. ಎಲೆಕ್ಟ್ರಿಕ್ ಗಿಟಾರ್‌ನ ತಂತಿಗಳು ಬ್ರಿಡ್ಜಿನ ಮೂಲಕ ಆಂಪ್ಲಿಫೈಯರಿನ ಅರ್ಥಿಗೆ ಸೇರಿರುತ್ತವೆ. ಅರ್ಥಿಂಗ್ ಸತ್ತಿರುವ ಸಭಾಭವನದಲ್ಲಿ, ಮೂರು ಪಿನ್ನಿನ ಪ್ಲಗ್ಗಿನ ಒಂದು ಪಿನ್ ಮುರಿದು ತೂರಿಸಿದ ಗಣಪತಿ ಪೆಂಡಾಲಿನಲ್ಲಿ, ಕೈ ತಂತಿಯ ಮೇಲೆ ತುಟಿ ಮೈಕಿನ ಮೇಲೆ ಇದ್ದರೆ ಶಾಕ್ ಹೊಡೆಯಲು ಬೇರೇನೂ ಬೇಕಿಲ್ಲ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕರು ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಸತ್ತರು. ನಮ್ಮ ಆರ್ಕೆಸ್ಟ್ರಾ ಹುಡುಗರು ‘ಸ್ವಲ್ಪ ಜುಮ್ಮೆನ್ನುತ್ತದೆ ಸರ್’ ಎಂದು ನಗುತ್ತಾ ಹೇಳುವಾಗ ನನಗೆ ನಗು ಬರುವುದಿಲ್ಲ. ಹೊಸ ಪಿಕಪ್ಪಿಗೆ ಎತ್ತಿಟ್ಟ ಹಣವಿದ್ದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ಪರೀಕ್ಷಿಸಿ.

ಮುಂದೆ ಎಂದಾದರೂ ಬ್ರಿಡ್ಜಿನ ಕಡೆಯ ಪಿಕಪ್ ತೆಗೆದು ಹಂಬಕರ್ ಹಾಕಬೇಕೆನಿಸೀತು, ಗುಡಿಗಾರರು ಎಲುಬಿನ ನಟ್ ಕೊರೆದು ಕೊಡುವುದಾಗಿಯೂ ಹೇಳಿದ್ದಾರೆ. ಈ ಮಳೆಗಾಲದ ತೇವದಲ್ಲಿ ನೆಕ್ ಏನು ಮಾಡುತ್ತದೆ ಎಂದು ನೋಡದೆ ಯಾವುದಕ್ಕೂ ಕೈ ಹಚ್ಚುವುದಿಲ್ಲ. ನಿಮ್ಮ ಲೇಖಕರಲ್ಲಿ ಕೊಂಡ ದಿನವೇ ಕಿತ್ತಿಟ್ಟ ಪಿಕಪ್, ಬಿರಡೆ, ಕಂಟ್ರೋಲುಗಳು ರಾಶಿ ಬಿದ್ದಿರಬಹುದು. ಅವರಿಗೆ ಬೇಡವಾದರೆ ನನ್ನ ಅಂಗಡಿಗೆ ಕಳುಹಿಸಿಕೊಡಲಿ, ಅಂಚೆ ವೆಚ್ಚ ನನ್ನದು. ನಮ್ಮ ಆರ್ಕೆಸ್ಟ್ರಾ ಹುಡುಗರ ಗಿಟಾರ್‌ಗಳಿಗೆ ಬಿಡಿಭಾಗ ಸಿಗುವುದೇ ಕಷ್ಟ.

– ಒಬ್ಬ ರೇಡಿಯೊ ಮೆಕ್ಯಾನಿಕ್, ಸಾಗರ