ಯುದ್ಧದ ನಕ್ಷೆಯಲ್ಲಿ ಕೊಳವೆಯನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಉಕ್ರೇನ್ ಯುದ್ಧದ ಸುದ್ದಿಯ ಜೊತೆ ಬರುವ ನಕ್ಷೆಗಳಲ್ಲಿ ಯಾವ ಸೇನೆ ಎಲ್ಲಿದೆ ಎಂದು ಬಣ್ಣ ಬಳಿದಿರುತ್ತದೆ, ಅನಿಲದ ಕೊಳವೆಮಾರ್ಗ ಮಾತ್ರ ಕಾಣುವುದಿಲ್ಲ. ಹೀಗಾಗಿಯೇ ‘ಯುದ್ಧವೆಲ್ಲ ಎಣ್ಣೆ ದೋಚಲಿಕ್ಕೆ’ ಎಂಬ ಹಳೇ ಮಾತು ಇನ್ನೂ ಓಡಾಡುತ್ತಿದೆ. ಇಲ್ಲಿನ ತಕರಾರು ದೋಚುವುದರದ್ದಲ್ಲ. ಯಾರ ಅನಿಲ ಯಾರ ನೆಲ ಹಾದು ಯಾರ ಮನೆ ತಲುಪಬೇಕು ಎಂಬುದರದ್ದು.

ಕಚ್ಚಾ ತೈಲವಾದರೆ ಒಬ್ಬ ಗಿರಾಕಿ ಒಲ್ಲೆ ಎಂದಾಗ ಹಡಗನ್ನು ಇನ್ನೊಂದು ಬಂದರಿಗೆ ತಿರುಗಿಸಬಹುದು. 2022ರ ನಂತರ ರಷ್ಯಾದ ತೈಲ ನಮ್ಮಲ್ಲಿಗೆ ಬಂದದ್ದೇ ಹಾಗೆ. ಕೊಳವೆಯ ಅನಿಲಕ್ಕೆ ಆ ದಾರಿಯಿಲ್ಲ. ಸೈಬೀರಿಯಾದ ಉರೆಂಗೊಯ್‌ನಿಂದ ಉಕ್ರೇನಿನ ಪಶ್ಚಿಮ ಗಡಿಯ ಉಜ್‌ಹೊರೊಡ್‌ಗೆ ಸುಮಾರು 4,450 ಕಿ.ಮೀ., ನಮ್ಮ ಕೊಚ್ಚಿ–ಮಂಗಳೂರು ಮಾರ್ಗದ ಹತ್ತು ಪಟ್ಟು. ಕೊಳವೆಯ ವ್ಯಾಸ 1,420 ಮಿ.ಮೀ. ಹರಿದಂತೆಲ್ಲ ಒತ್ತಡ ಇಳಿಯುವುದರಿಂದ ನೂರು ಚಿಲ್ಲರೆ ಕಿ.ಮೀ.ಗೊಂದು ಕಂಪ್ರೆಸರ್ ಸ್ಟೇಷನ್ ಬೇಕು. ಕಂಪ್ರೆಸರ್ ತಿರುಗಿಸುವ ಟರ್ಬೈನ್‌ಗೂ ಅದೇ ಕೊಳವೆಯ ಅನಿಲವೇ ಇಂಧನ. ಟರ್ಬೈನ್ ನಿಂತರೆ ಬಾವಿಯಲ್ಲಿ ಎಷ್ಟಿದ್ದೂ ಪ್ರಯೋಜನವಿಲ್ಲ.

ದೊಡ್ಡ ರಾಷ್ಟ್ರಗಳು ಕೈಯಿಡುವುದು ಅಲ್ಲಿಗೇ. 1982ರಲ್ಲಿ ಈ ಮಾರ್ಗ ಕಟ್ಟುವಾಗ ರೇಗನ್ ಸರ್ಕಾರ ಅಮೆರಿಕದ ತಂತ್ರಜ್ಞಾನದ ಟರ್ಬೈನ್ ಭಾಗಗಳನ್ನು ಯುರೋಪಿನ ಕಂಪನಿಗಳೂ ಸೋವಿಯತ್‌ಗೆ ಕಳಿಸಬಾರದೆಂದಿತು. ಬ್ರಿಟನ್ನಿನ ಥ್ಯಾಚರ್ ಕೂಡ ಒಪ್ಪಲಿಲ್ಲ, ನವೆಂಬರ್‌ನಲ್ಲಿ ನಿರ್ಬಂಧ ಹಿಂದಕ್ಕೆ ಹೋಯಿತು. 40 ವರ್ಷಗಳ ನಂತರ ಪಾತ್ರಗಳು ಅದಲುಬದಲಾದವು. ರಷ್ಯಾದಿಂದ ಜರ್ಮನಿಗೆ ಹಾಕಿದ ನಾರ್ಡ್ ಸ್ಟ್ರೀಮ್ ಅನಿಲ ಕೊಳವೆಯ ಪೋರ್ಟೊವಾಯಾ ಸ್ಟೇಷನ್ನಿನ ಸೀಮೆನ್ಸ್ ಟರ್ಬೈನ್ ಕೆನಡಾದಲ್ಲಿ ರಿಪೇರಿಗಿದ್ದುದನ್ನೇ ನೆಪ ಮಾಡಿಕೊಂಡು 2022ರ ಬೇಸಿಗೆಯಲ್ಲಿ ರಷ್ಯಾ ತಾನೇ ಅನಿಲದ ಹರಿವು ತಗ್ಗಿಸಿತು.

ನಾರ್ಡ್ ಸ್ಟ್ರೀಮ್ ಹಾಕಿದ್ದೇ ಉಕ್ರೇನಿನ ನೆಲ ತಪ್ಪಿಸಿ ಹೋಗಲು. 2009ರ ಜನವರಿಯ ಚಳಿಯಲ್ಲಿ ಹಣದ ಜಗಳದಿಂದ ಉಕ್ರೇನ್ ಮಾರ್ಗ ಸುಮಾರು ಎರಡು ವಾರ ಬಂದ್ ಆಗಿತ್ತು. 2011ರಲ್ಲಿ ಬಾಲ್ಟಿಕ್ ಸಮುದ್ರದಡಿಯ ಕೊಳವೆಯಲ್ಲಿ ಅನಿಲ ಜರ್ಮನಿಗೆ ನೇರ ಹರಿಯಿತು. ಎರಡನೆಯ ಜೋಡಿ ಕೊಳವೆ ಹಾಕುವ ಹಡಗುಗಳ ಮೇಲೆ 2019ರ ಡಿಸೆಂಬರ್‌ನಲ್ಲಿ ಅಮೆರಿಕ ನಿರ್ಬಂಧ ಹೇರಿತು. ಉಕ್ರೇನಿನ ರಕ್ಷಣೆ ಅದಕ್ಕೆ ಹೇಳಿದ ಕಾರಣ. 2024ರಲ್ಲಿ ಯುರೋಪ್ ತರಿಸಿದ ಎಲ್‌ಎನ್‌ಜಿಯಲ್ಲಿ (ದ್ರವರೂಪದ ಅನಿಲ) ಅರ್ಧಕ್ಕೆ ಹತ್ತಿರ ಅಮೆರಿಕದ್ದೇ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಅನಿಲವನ್ನು ಮೈನಸ್ 162 ಡಿಗ್ರಿಗೆ ತಣಿಸಿದರೆ ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿದು ಹಡಗು ಹತ್ತುತ್ತದೆ. ಕೊಳವೆಗಿಂತ ದುಬಾರಿ, ಆದರೆ ಯಾರ ನೆಲದ ಹಂಗೂ ಇಲ್ಲ.

ಆ ಜಗ್ಗಾಟದ ಬಿಸಿ ನಮಗೂ ತಟ್ಟಿದೆ. 2022ರಲ್ಲಿ ರಷ್ಯಾದ ಸರ್ಕಾರಿ ಅನಿಲ ಕಂಪನಿ ಗಾಜ್‌ಪ್ರೊಮ್‌ನ ಜರ್ಮನ್ ಶಾಖೆಯನ್ನು ಜರ್ಮನಿ ವಶಕ್ಕೆ ತೆಗೆದುಕೊಂಡ ಮೇಲೆ ನಮ್ಮ ಸರ್ಕಾರಿ ಅನಿಲ ಕಂಪನಿ ಗೇಲ್‌ಗೆ ದೀರ್ಘಾವಧಿ ಒಪ್ಪಂದದಲ್ಲಿ ಬರಬೇಕಿದ್ದ ಹಡಗುಗಳು ತಪ್ಪಿದವು, ಗೇಲ್ ತನ್ನ ಗಿರಾಕಿಗಳ ಪಾಲು ಕತ್ತರಿಸಬೇಕಾಯಿತು.

ನಕ್ಷೆಯಲ್ಲಿ ಮೊದಲು ಗುರುತಿಸಬೇಕಾದ ಊರು ಸುಜಾ, ರಷ್ಯಾದ ಗಡಿಯಲ್ಲಿ ಅನಿಲ ಅಳೆದು ಉಕ್ರೇನಿಗೆ ಬಿಡುತ್ತಿದ್ದ ಜಾಗ. ಯುದ್ಧ ಶುರುವಾದ ಮೇಲೂ ರಷ್ಯಾದ ಅನಿಲ ಉಕ್ರೇನ್ ಮೂಲಕ ಹರಿಯಿತು, ರಷ್ಯಾ ಸಾಗಣೆ ಶುಲ್ಕ ಕಟ್ಟಿತು, ಉಕ್ರೇನ್ ಪಡೆಯಿತು. 2024ರ ಆಗಸ್ಟ್‌ನಲ್ಲಿ ಉಕ್ರೇನಿನ ಸೈನಿಕರು ಸುಜಾವನ್ನೇ ಹಿಡಿದಾಗಲೂ ದಿನಕ್ಕೆ ಸುಮಾರು 4 ಕೋಟಿ ಘನ ಮೀಟರ್ ಹೋಗುತ್ತಲೇ ಇತ್ತು. ಐದು ವರ್ಷದ ಒಪ್ಪಂದ ಮುಗಿದು 2025ರ ಜನವರಿ 1ರಂದು ಹರಿವು ನಿಂತಿತು. ಮಾರ್ಚ್‌ನಲ್ಲಿ ಆ ಖಾಲಿ ಕೊಳವೆಯೊಳಗೇ ಬಗ್ಗಿ ನಡೆದು ರಷ್ಯಾದ ಸೈನಿಕರು ಸುಜಾದ ಬಳಿ ಮೇಲೆದ್ದರು.

ರಷ್ಯಾದ ಕಚ್ಚಾ ತೈಲವನ್ನು ಉಕ್ರೇನ್ ಮೂಲಕ ಹಂಗೇರಿ, ಸ್ಲೊವಾಕಿಯಾಕ್ಕೆ ಒಯ್ಯುತ್ತಾ ಬಂದ ದ್ರುಜ್ಬಾ ತೈಲಮಾರ್ಗವನ್ನೂ ನಕ್ಷೆಗೆ ಸೇರಿಸಿ. ರಷ್ಯಾ ಮೇಲಿನ ನಿರ್ಬಂಧಗಳಿಗೆ ಆ ಎರಡು ದೇಶಗಳು ಏಕೆ ಅಡ್ಡಗಾಲು ಹಾಕುತ್ತಾ ಬಂದವು ಎಂಬುದಕ್ಕೆ ಓದುಗರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

– ಓದುಗ, ಸುರತ್ಕಲ್